ಹೌದು, ನನ್ನ ಹಳೇ ಕಾರು ಭಂಗಾರ. ಏನೀಗ?

ಎಂಜಿನ್ ಆಫ್ ಮಾಡಿದ್ದು ನನ್ನದೇ ತಪ್ಪು. ಒಪ್ಪಿಕೊಂಡೆ. ಆಯ್ತಾ?

ಟ್ಯಾಂಕರ್ ಗೇಟಿಗೆ ಅಡ್ಡ ನಿಂತಿತ್ತು. ವಾಚ್‌ಮನ್ ಕೈ ತೋರಿಸಿದ, ನಿಂತೆ. ಸುಮ್ನೆ ಪೆಟ್ರೋಲ್ ಸುಡೋದು ಯಾಕೆ ಅಂತ ಕೀ ತಿರುಗಿಸಿದೆ. ಹತ್ತು ನಿಮಿಷಕ್ಕೆ ಉಳಿದದ್ದು ಹೆಚ್ಚೆಂದರೆ ಹತ್ತು ಹನ್ನೆರಡು ರೂಪಾಯಿ. ಆ ಹನ್ನೆರಡು ರೂಪಾಯಿಗೆ ಇವತ್ತು ಏನೇನು ಹೋಯಿತು ಅಂತ ಲೆಕ್ಕ ಹಾಕುತ್ತಾ ಕೂತಿದ್ದೇನೆ. ರಾತ್ರಿ ಹನ್ನೊಂದೂವರೆ ಆಯಿತು.

ಮಧ್ಯಾಹ್ನ ಒಂದೂವರೆ, ಏಪ್ರಿಲ್ ಬಿಸಿಲು. ಪುಣೆಯ ಚತುಃಶೃಂಗಿ ದೇವಸ್ಥಾನದಿಂದ ಉಂಡ್ರಿಯ ನಮ್ಮ ಸೊಸೈಟಿ ತನಕ ಒಂದೇ ಒಂದು ತಕರಾರಿಲ್ಲದೆ ಬಂದ ಗಾಡಿ. ದಾರಿಯುದ್ದಕ್ಕೂ ಟ್ರಾಫಿಕ್, ಆದರೂ ಟೆಂಪರೇಚರ್ ಮುಳ್ಳು ಅರ್ಧ ದಾಟಿರಲಿಲ್ಲ. ಟ್ಯಾಂಕರ್ ಸರಿಯಿತು. ಸೆಲ್ಫ್ ಹೊಡೆದೆ. ಖರ್ ಖರ್ ಖರ್. ಹತ್ತಲಿಲ್ಲ. ಇನ್ನೊಮ್ಮೆ. ಹತ್ತಲಿಲ್ಲ. ಬ್ಯಾಟರಿ ಹೊಸದು, ಎಂಜಿನ್ ಲಕ್ಷಣವಾಗಿ ತಿರುಗುತ್ತಿದೆ, ಆದರೆ ಹತ್ತುವುದಿಲ್ಲ. ಹಿಂದೆ ನಾಲ್ಕು ಕಾರು. ಎಲ್ಲಕ್ಕಿಂತ ಮುಂದೆ, ನನ್ನ ಬಂಪರಿಗೆ ಮೂಗು ತಾಗಿಸಿಕೊಂಡು, ಯಾರದು ಹೇಳಿ? ನಮ್ಮ ಹೌಸಿಂಗ್ ಸೊಸೈಟಿಯ ಚೇರ್ಮನ್ ಕಾಕಾದು. ಇನ್ಯಾರದು ಇರುತ್ತೆ.

ಕಾಕಾ ಇಳಿದರು. ಹಾರ್ನ್ ಹೊಡೆಯಲಿಲ್ಲ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೈ ಹಿಂದೆ ಕಟ್ಟಿಕೊಂಡು ನಿಧಾನಕ್ಕೆ ನನ್ನ ಗಾಡಿಗೆ ಒಂದು ಸುತ್ತು ಬಂದರು, ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕೋ ಹಾಗೆ. ಹಿಂದಿನ ಬಾಗಿಲ ಕೆಳಗೆ ತುಕ್ಕು ಹತ್ತಿದ ಜಾಗ ಇದೆಯಲ್ಲ, ಮಳೆಗಾಲಕ್ಕೆ ಮುಂಚೆ ಉಜ್ಜಿ ಪ್ರೈಮರ್ ಹೊಡೀಬೇಕು ಅಂದುಕೊಂಡಿದ್ದು, ಅಲ್ಲಿ ನಿಂತು ಬಗ್ಗಿ ನೋಡಿದರು. ಆಮೇಲೆ ನನ್ನ ಕಿಟಕಿಗೆ ಬಂದು, ಗೇಟಿನಲ್ಲಿದ್ದ ಅಷ್ಟೂ ಜನಕ್ಕೆ ಕೇಳಿಸೋ ಹಾಗೆ, ತುಂಬಾ ಮರ್ಯಾದೆಯಿಂದ ಹೇಳಿದರು: "ಅಹೋ ಸಾಹೇಬ್, ಆತಾ ತರೀ ಭಂಗಾರಾತ್ ದ್ಯಾ ಹೀ ಗಾಡೀ."

ಈಗಲಾದರೂ ಗುಜರಿಗೆ ಕೊಡಿ ಅಂತ. ಮರಾಠಿಯಲ್ಲಿ ಭಂಗಾರ ಅಂದರೆ ಗುಜರಿ. ನಗು. ಟ್ಯಾಂಕರ್ ಡ್ರೈವರ್ ನಕ್ಕ. ಬಿ ವಿಂಗಿನ ಹುಡುಗ ನಕ್ಕ. ಅವನ ಸೈಕಲ್ ಚೈನ್ ಹಾಕಿಕೊಟ್ಟವನು ನಾನು ಕಣ್ರೀ.

ಇಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆ. ಹಿಂದಿನ ಸೀಟಿನಲ್ಲಿ ಅಮ್ಮ ಇದ್ದರು. ಅರಸೀಕೆರೆಯಿಂದ ಯುಗಾದಿಗೆ ಬಂದವರು. ಮರಾಠಿ ಒಂದಕ್ಷರ ಬರೋದಿಲ್ಲ. ಅವರ ಕಿವಿಗೆ ಬಿದ್ದದ್ದು ಒಂದೇ ಪದ. ಮುಖ ಅರಳಿಸಿಕೊಂಡು ಕಿಟಕಿ ಗಾಜು ಇಳಿಸಿ ಚೇರ್ಮನ್ ಕಾಕಾಗೆ ಎರಡೂ ಕೈ ಜೋಡಿಸಿ ಹೇಳಿದರು: "ಹೌದಪ್ಪಾ, ಬಂಗಾರದಂಥ ಗಾಡಿ. ನನ್ನ ಮಗ ಮಗೂ ಥರ ನೋಡ್ಕೋತಾನೆ." ಆಮೇಲೆ ನನ್ನ ಭುಜ ತಟ್ಟಿ, "ನೋಡೋ, ಅವರಿಗೂ ಗೊತ್ತು."

ಕಾಕಾಗೆ ಕನ್ನಡ ಅರ್ಥವಾಗಲಿಲ್ಲ. ಆದರೆ ಒಬ್ಬ ಅಜ್ಜಿ ಕೈ ಮುಗಿದು "ಬಂಗಾರ ಬಂಗಾರ" ಅಂತ ತಲೆ ಆಡಿಸುತ್ತಿರೋದು ಕಾಣಿಸಿತು. ಹೆತ್ತ ತಾಯಿಯೇ ಒಪ್ಪಿಕೊಂಡರಲ್ಲ! ಈ ಸಲ ನಕ್ಕದ್ದು ಇಡೀ ಗೇಟು. ಅಮ್ಮನೂ ನಕ್ಕರು, ಎಲ್ಲರೂ ಖುಷಿಯಾಗಿದ್ದಾರೆ ಅಂತ. ನಾನು ಸ್ಟೀರಿಂಗ್ ಹಿಡಿದುಕೊಂಡು ಮೀಟರ್ ನೋಡುತ್ತಿದ್ದೆ. ಕಿಲೋಮೀಟರ್ ಓದುತ್ತಿದ್ದೆ. 1,87,412. ಸಾಯೋ ತನಕ ಮರೆಯಲ್ಲ ಆ ನಂಬರು.

ಆಮೇಲೆ ತಳ್ಳಿದರು. "ಸೆಕೆಂಡ್ ಗೇರ್ ಹಾಕಿ ಕ್ಲಚ್ ಬಿಡಿ" ಅಂತ ಒಬ್ಬ, "ಥರ್ಡ್, ಥರ್ಡ್" ಅಂತ ಇನ್ನೊಬ್ಬ. ಬಿಟ್ಟೆ. ಕುಪ್ಪಳಿಸಿತು, ನಿಂತಿತು. ಅಮ್ಮ ಒಳಗೇ ಕೂತಿದ್ದರು, ಇಳಿಯಿರಿ ಅನ್ನೋ ಬುದ್ಧಿ ನನಗೂ ಬರಲಿಲ್ಲ. ಬೇವಿನ ಮರದ ಕೆಳಗೆ ತಳ್ಳಿ ನಿಲ್ಲಿಸಿ ಎಲ್ಲರೂ ಕೈ ಒರೆಸಿಕೊಂಡು ಹೋದರು. ಮೂರೂವರೆಗೆ ಕೆಳಗೆ ಇಳಿದು ಸೆಲ್ಫ್ ಹೊಡೆದೆ. ಒಂದೇ ಏಟಿಗೆ ಹತ್ತಿತು. ನೋಡೋಕೆ ಒಂದು ನರಪಿಳ್ಳೆ ಇರಲಿಲ್ಲ.

ಈಗ ನನಗೆ ಯಾರಾದ್ರೂ ಉತ್ತರ ಹೇಳಿ. ಬಿಸಿಯಾಗಿದ್ದಾಗ ಆಫ್ ಮಾಡಿದರೆ ಹತ್ತಲ್ಲ, ತಣ್ಣಗಾದರೆ ಹತ್ತುತ್ತೆ. ಒಂದೂವರೆ ತಿಂಗಳಿಂದ ಇದೇ ರೋಗ. ಪ್ಲಗ್ ನಾಲ್ಕೂ ಬದಲಾಯಿಸಿದೆ. ಪ್ಲಗ್ಗಿಗೆ ಕರೆಂಟ್ ಒಯ್ಯೋ ಎಚ್‌ಟಿ ಕೇಬಲ್ ಹಾಕಿದೆ. ಆ ಕರೆಂಟನ್ನ ಹಂಚೋ ಡೆಲ್ಕೋ ಕ್ಯಾಪು, ರೋಟರ್ ಹಾಕಿದೆ. ಪೆಟ್ರೋಲ್ ಫಿಲ್ಟರ್ ಹಾಕಿದೆ. ಇಪ್ಪತ್ತು ಪರ್ಸೆಂಟ್ ಎಥನಾಲ್ ಪೆಟ್ರೋಲ್ ಬಂತಲ್ಲ, ಹಳೇ ರಬ್ಬರನ್ನ ಅದೇ ತಿಂದಿರಬೇಕು ಅಂತ ಪೈಪುಗಳನ್ನೂ ಬಿಡಲಿಲ್ಲ. ಕೊನೆಗೆ ಹಿಂದಿನ ಸೀಟು ಎತ್ತಿ ಟ್ಯಾಂಕಿನ ಪಂಪೇ ಬದಲಾಯಿಸಿದೆ. ನಾನಾ ಪೇಟೆಯ ಬಿಡಿಭಾಗದ ಅಂಗಡಿಯವನು ಈಗ ನನ್ನ ನೋಡಿದ ತಕ್ಷಣ ಚಹಾ ಹೇಳುತ್ತಾನೆ. ಒಟ್ಟು 11,400 ರೂಪಾಯಿ. ಗುರುವಾರ ಸೊಸೈಟಿ ಗ್ರೂಪಿನಲ್ಲಿ, ದೇವರೇ, ಗುರುವಾರ ನಾನೇ ಬರೆದಿದ್ದೆ, "ಸಮಸ್ಯೆ ಬಗೆಹರಿದಿದೆ, ಪಾರ್ಕಿಂಗ್‌ನಲ್ಲಿ ಇನ್ನು ರಿಪೇರಿ ಇರುವುದಿಲ್ಲ, ಸಹಕಾರಕ್ಕೆ ಧನ್ಯವಾದ" ಅಂತ. ಕೈ ಮುಗಿಯೋ ಗೊಂಬೆ ಬೇರೆ ಹಾಕಿದ್ದೆ. ಕಾಕಾ ಹೆಬ್ಬೆಟ್ಟು ಒತ್ತಿದ್ದರು.

ಆ ಮೆಸೇಜು ಯಾಕೆ ಹಾಕಬೇಕಾಯಿತು ಅಂದರೆ ಪಾಟಿ, ಸೂಚನೆಯ ಬೋರ್ಡು. ಪುಣೇರಿ ಪಾಟಿಯ ಕೊಂಕು ಹೊರಗಿನವರಿಗೆ ತಮಾಷೆ. ಫೋಟೋ ಹಿಡಿದು ಕಳಿಸಿ ನಗುತ್ತೀರಿ. ನಿಮ್ಮ ಕಾರಿನ ಎದುರಿನ ಕಂಬಕ್ಕೇ ಅಂಟಿಸಿದಾಗ ಗೊತ್ತಾಗುತ್ತೆ. ಪ್ರಿಂಟ್ ತೆಗೆಸಿ, ಲ್ಯಾಮಿನೇಟ್ ಮಾಡಿಸಿ, ಮರಾಠಿಯಲ್ಲಿ: "ಇಲ್ಲಿ ಗಾಡಿ ನಿಲ್ಲಿಸಬೇಕು. ಬಿಚ್ಚಬಾರದು." ಹೆಸರಿಲ್ಲ, ಫ್ಲಾಟ್ ನಂಬರಿಲ್ಲ. ಬೇಕಾಗೂ ಇಲ್ಲ. ಇಡೀ ಸೊಸೈಟಿಯಲ್ಲಿ ಗಾಡಿ ಬಿಚ್ಚೋನು ನಾನೊಬ್ಬನೇ.

ಸರಿ, ನೆಲಕ್ಕೆ ಎಣ್ಣೆ ಚೆಲ್ಲಿದ್ದು ನಿಜ. ವಾಲ್ವ್ ಕವರ್ ತೆಗೆದಾಗ ಒಮ್ಮೆ. ಕಲೆ ಇನ್ನೂ ಇದೆ, ಶ್ರೀಲಂಕಾ ಆಕಾರದಲ್ಲಿ. ಭಾನುವಾರ ಮಧ್ಯಾಹ್ನ ಒಂದರಿಂದ ನಾಲ್ಕು ಇಲ್ಲಿ ಜನ ಮಲಗೋ ಹೊತ್ತು, ಆಗ ನಾನು ಸುತ್ತಿಗೆ ಹಿಡಿದದ್ದೂ ನಿಜ. ಕಾಕಾ ಜಾಗದಲ್ಲಿ ನಾನಿದ್ದರೂ ಪಾಟಿ ಹಾಕುತ್ತಿದ್ದೆನೋ ಏನೋ. ಆದರೆ ಒಂದು ಮಾತು. ಟೈಮಿಂಗ್ ಬೆಲ್ಟ್ ನಾನೇ ಇಲ್ಲೇ ಹಾಕಿದ್ದು ಗೊತ್ತಾ ಇವರಿಗೆ? ಈ ಎಂಜಿನ್ ಉಳಿದವುಗಳ ಹಾಗಲ್ಲ, ಉಲ್ಟಾ ತಿರುಗುತ್ತೆ. ಬೆಲ್ಟ್ ಹಾಕೋಕೆ ಬಿಚ್ಚಲೇಬೇಕಾದ ಕ್ರ್ಯಾಂಕ್ ಪುಲ್ಲಿಯ ಬೋಲ್ಟು ಓಡಿದಷ್ಟೂ ಇನ್ನಷ್ಟು ಬಿಗಿ ಅಂತ ಹೇಳುತ್ತಾರೆ. ಹಳೇ ಸಾಮಾನಿನ ಜೂನಾ ಬಜಾರಿನಿಂದ ತಂದ ಸ್ಪ್ಯಾನರಿಗೆ ಒಂದಾಳು ಉದ್ದದ ಪೈಪು ಸಿಕ್ಕಿಸಿ, ಮೈಭಾರವೆಲ್ಲ ಬಿಟ್ಟು ನೇತಾಡಿದ್ದೆ. ಪಟ್ ಅಂತ ಸಡಿಲವಾದಾಗ ಬೋಲ್ಟ್ ಮುರೀತು ಅಂದುಕೊಂಡೆ. ಮುರಿದಿರಲಿಲ್ಲ. ಆವತ್ತು ನೋಡೋಕೆ ಯಾವ ಕಾಕಾ ಬಂದಿದ್ದರು?

ಯಾವ ಗಾಡಿ ಅಂತ ಹೇಳಲೇ ಇಲ್ಲ ಅಲ್ವಾ. ಹೋಂಡಾ ಸಿಟಿ ವಿಟೆಕ್, 2001. ಗೊತ್ತಿರೋರಿಗೆ ಇಷ್ಟು ಸಾಕು. ಒಂದೂವರೆ ಲೀಟರ್, 106 ಅಶ್ವಶಕ್ತಿ, ಆ ಕಾಲಕ್ಕೆ ಮನೆಮಂದಿ ಕೂರೋ ಕಾರಿನಲ್ಲಿ ಇಷ್ಟು ಯಾರು ಕೊಡುತ್ತಿದ್ದರು. ಇದರ ನಂತರ 2003ರಲ್ಲಿ ಬಂದ ಸಿಟಿಗೆ 77. ಓದಿ, ಇನ್ನೊಂದು ಸಲ ಓದಿ, 77. ಮೈಲೇಜ್ ಬೇಕು ಅಂತ ಜನವೇ ಕೇಳಿದ್ದು, ಕಂಪನಿಯನ್ನ ಬೈದು ಏನು ಪ್ರಯೋಜನ. ವಿಟೆಕ್ ಅಂದರೆ ಇದೇ: ನಂದರಲ್ಲಿ ಐದು ಸಾವಿರ ಆರ್‌ಪಿಎಂ ಹತ್ತಿರ ಎಣ್ಣೆಯ ಒತ್ತಡಕ್ಕೆ ಒಳಗೆ ಪಿನ್ ಸರಿದು ವಾಲ್ವನ್ನ ಇನ್ನೂ ಹೆಚ್ಚು ತೆರೆಯೋ ದೊಡ್ಡ ಕ್ಯಾಮ್ ಹಿಡಿದುಕೊಳ್ಳುತ್ತೆ, ಆಗ ದನಿ ಬದಲಾಗುತ್ತೆ ನೋಡಿ, ಕಾತ್ರಜ್ ಘಾಟಿಯಲ್ಲಿ ಬೆಳಗಿನ ಜಾವ ಗಾಜು ಇಳಿಸಿಕೊಂಡು ಹತ್ತಿಸಿದರೆ ಎದೆ ಝುಂ ಅನ್ನುತ್ತೆ. ಅದನ್ನ ಕಾಕಾಗೆ ಹೇಗೆ ಹೇಳೋದು? ಅವರ ಗಾಡಿ ಫೋನಿಗೆ ಮೆಸೇಜ್ ಕಳಿಸುತ್ತೆ. ನಂದು ಗೇಟಿನಲ್ಲಿ ಮಾನ ಕಳೆಯುತ್ತೆ.

ಮಾರಿಬಿಡ್ತೀನಿ. ನಿಜವಾಗ್ಲೂ. ಇಪ್ಪತ್ತು ವರ್ಷ ದಾಟಿದ ಕಾರಿನ ನೋಂದಣಿ ನವೀಕರಿಸೋಕೆ 2025ರ ಆಗಸ್ಟ್‌ನಿಂದ 10,000 ರೂಪಾಯಿ. ಮುಂಚೆ 5,000 ಇತ್ತು. ಅದರ ಮೇಲೆ ಗ್ರೀನ್ ಟ್ಯಾಕ್ಸ್, ಇನ್ಶೂರೆನ್ಸ್. ಅಷ್ಟು ದುಡ್ಡಲ್ಲಿ ವರ್ಷಕ್ಕೆ ಎಷ್ಟು ಸಲ ಕ್ಯಾಬ್‌ನಲ್ಲಿ ಓಡಾಡಬಹುದು ಅಂತ ಹೆಂಡತಿ ಕಾಗದದ ಮೇಲೆ ಬರೆದು ಫ್ರಿಜ್ಜಿಗೆ ಅಂಟಿಸಿದ್ದಾಳೆ. ಮನೆಯೊಳಗೂ ಪಾಟಿ!

ಮಾರಲ್ಲ. ಯಾಕೆ ಮಾರಬೇಕು. ಮಾರಿದರೆ ಕಾಕಾ ಗೆದ್ದ ಹಾಗೆ.

ನಿಜವಾಗಿ ಹೊಟ್ಟೆ ಉರಿಯುತ್ತಿರೋದು ಕಾಕಾ ಮೇಲಲ್ಲ. ಗೇಟಿನಲ್ಲಿ, ಮೊದಲನೇ ಸೆಲ್ಫ್ ಹೊಡೆಯೋಕೆ ಮುಂಚೆಯೇ, ಅಮ್ಮ ಏನೋ ಹೇಳಿದ್ದರು. "ಇದೇನೋ, ಇವತ್ತು ಗುಂಯ್ ಅನ್ನಲಿಲ್ಲ." ನಾನು ತಿರುಗಿ, "ಸುಮ್ನಿರಮ್ಮ ಸ್ವಲ್ಪ" ಅಂತ ಗದರಿದೆ. ಜೋರಾಗಿಯೇ ಗದರಿದೆ. ಟ್ಯಾಂಕರ್ ಗದ್ದಲದಲ್ಲಿ ನನಗೆ ಏನೂ ಕೇಳಿಸುತ್ತಿರಲಿಲ್ಲ, ಬೆವರು ಕಣ್ಣಿಗೆ ಇಳಿಯುತ್ತಿತ್ತು.

ರಾತ್ರಿ ಊಟಕ್ಕೆ ಕೂತಾಗ ಅವರೇ ಮತ್ತೆ ಕೇಳಿದರು. ಮಜ್ಜಿಗೆ ಬಡಿಸುತ್ತಾ, "ಅಲ್ವೋ, ದಿನಾ ನೀನು ಕೀ ತಿರುಗಿಸಿದರೆ ನನ್ನ ಸೀಟಿನ ಕೆಳಗೆ ಜೇನುಹುಳು ಥರ ಗುಂಯ್ ಅನ್ನುತ್ತೆ, ಆಮೇಲೆ ನಿಲ್ಲುತ್ತೆ. ಇವತ್ತು ಮಾತ್ರ ಅನ್ನಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇಲ್ವಾ?"

ತುತ್ತು ಕೈಯಲ್ಲೇ ನಿಂತಿತು. ಕೀ ಆನ್ ಮಾಡಿದಾಗ ಪಂಪು ಎರಡು ಸೆಕೆಂಡ್ ಓಡಿ ಲೈನಿಗೆ ಪೆಟ್ರೋಲ್ ತುಂಬಿಸಿ ನಿಲ್ಲಬೇಕು. ಅದು ಓಡಿಲ್ಲ. ಪಂಪು ಹೊಸದು. ಅಂದರೆ ಪಂಪಿಗೆ ಕರೆಂಟೇ ಬಂದಿಲ್ಲ. ಕರೆಂಟ್ ಕೊಡೋದು ಮೇನ್ ರಿಲೇ ಅನ್ನೋ ಸ್ವಿಚ್ಚು. ಹಳೇ ಗಾಡಿಯಲ್ಲಿ ಅದರ ಬೆಸುಗೆ ಬಿರುಕು ಬಿಡುತ್ತೆ, ಬಿಸಿಲಿಗೆ ಕಾದು ಹಿಗ್ಗಿದಾಗ ಸಂಪರ್ಕ ತಪ್ಪುತ್ತೆ, ತಣ್ಣಗಾದರೆ ಮತ್ತೆ ಕೂಡಿಕೊಳ್ಳುತ್ತೆ. ಈ ಗಾಡಿ ಇಟ್ಟುಕೊಂಡವರಲ್ಲಿ ಅರ್ಧ ಜನಕ್ಕೆ ಗೊತ್ತಿರೋ ವಿಷಯ. ನನಗೂ ಗೊತ್ತಿತ್ತು! ಗೊತ್ತಿದ್ದೂ ಅದೊಂದನ್ನೇ ಬಿಟ್ಟಿದ್ದೆ. ಯಾಕೆ ಅಂದರೆ ಡ್ಯಾಶ್‌ಬೋರ್ಡ್ ಅಡಿ ತಲೆ ತೂರಿಸಿ, ಕಾಲು ಸೀಟಿನ ಮೇಲೆ ಹಾಕಿ ತಲೆಕೆಳಗಾಗಿ ಮಲಗಬೇಕು, ಸೊಂಟ ಹಿಡಿಯುತ್ತೆ. ಸೊಂಟ ಉಳಿಸೋಕೆ 11,400.

ಊಟ ಬಿಟ್ಟು ಇಳಿದೆ. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ರಿಲೇ ಬಿಚ್ಚಿ ತಂದೆ. ಹೌದು, ಬಿಚ್ಚಿದೆ, ಪಾಟಿಯ ಎದುರಿಗೇ ಬಿಚ್ಚಿದೆ. ಪ್ಲಾಸ್ಟಿಕ್ ಡಬ್ಬಿ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಮುಚ್ಚಳ ತೆಗೆದು ಅಮ್ಮನ ಕನ್ನಡಕ ಅಡ್ಡ ಹಿಡಿದು ನೋಡಿದರೆ ಎರಡು ಪಿನ್ನುಗಳ ಬುಡದಲ್ಲಿ ಬೆಸುಗೆಯ ಸುತ್ತ ಕೂದಲೆಳೆಯಷ್ಟು ಕಪ್ಪು ಉಂಗುರ. ಅಷ್ಟೇ. ಇಪ್ಪತ್ತೈದು ಬೇಸಿಗೆ ತಿಂದ ಬೆಸುಗೆ, ಅದನ್ನೇನು ಬೈಯೋದು. ಹಳೇ ಸೀಸ ತೆಗೆದು ಹೊಸದು ಹಾಕಿದೆ. ಐದು ನಿಮಿಷದ ಕೆಲಸ. ಅಮ್ಮ ಪಕ್ಕದಲ್ಲೇ ಕೂತು, "ಅಕ್ಕಸಾಲಿಗರ ಕೆಲಸ ಕಲ್ತಿದ್ದೀಯಲ್ಲೋ" ಅಂದರು. ಭಂಗಾರ ಅಂದರೆ ಏನು ಅಂತ ಅವರಿಗೆ ಇನ್ನೂ ಹೇಳಿಲ್ಲ. ಹೆಂಡತಿಗೂ ಬಾಯಿ ಬಿಡಬೇಡ ಅಂದಿದ್ದೇನೆ. ಗದರಿದ್ದಕ್ಕೆ ತಪ್ಪಾಯ್ತು ಅಂತ ಹೇಳೋಕೆ ಹೋದೆ, ಅವರಿಗೆ ಗದರಿದ್ದೇ ನೆನಪಿಲ್ಲ, ಅಥವಾ ಇಲ್ಲ ಅಂದರು.

ಈಗ ಇನ್ನೊಂದು ತಲೆನೋವು. ಸರಿಹೋಯಿತೋ ಇಲ್ಲವೋ ಅಂತ ಈಗ ನೋಡೋಕಾಗಲ್ಲ. ತಣ್ಣಗಿರುವಾಗ ಮುಂಚೆಯೂ ಹತ್ತುತ್ತಿತ್ತು. ಗಾಡಿ ಓಡಿಸಿ, ಬಿಸಿಲಲ್ಲಿ ಹತ್ತು ನಿಮಿಷ ಆಫ್ ಮಾಡಿ ನಿಲ್ಲಿಸಿ, ಆಮೇಲೆ ಸೆಲ್ಫ್ ಹೊಡೀಬೇಕು. ನಾಳೆ ಆಫೀಸು. ಮುಂದಿನ ಭಾನುವಾರ ಮಧ್ಯಾಹ್ನವೇ ಆಗಬೇಕು. ಗೇಟಿನ ಹತ್ತಿರವೇ ನಿಲ್ಲಿಸುತ್ತೇನೆ, ಅದೇ ಜಾಗದಲ್ಲಿ. ಟ್ಯಾಂಕರ್ ಎಷ್ಟು ಗಂಟೆಗೆ ಬರುತ್ತೆ ಅಂತ ವಾಚ್‌ಮನ್ ಹತ್ತಿರ ಈಗಲೇ ಕೇಳಿ ಬಂದಿದ್ದೇನೆ. ಒಂದೂಕಾಲು. ಅಮ್ಮನೂ ಬರ್ತಾರಂತೆ, ಹಿಂದಿನ ಸೀಟಿಗೆ.