ಮಂಡಿಯೊಳಗೆ ಬರೀ ಮೊಟ್ಟೆ

ಸಾಫ್ಟ್‌ವೇರ್ ಯಾರಿಗೆ ಏನು ಮಾಡಿಕೊಡಬೇಕು ಅಂತ ತೋರಿಸೋ ಯೂಸ್ ಕೇಸ್ ಡಯಾಗ್ರಾಂ ಬರೆಯೋಕೆ ಚಿತ್ರಕಲೆ ಬರಬೇಕು ಅಂತೇನೂ ಇಲ್ಲ. ತಲೆಗೊಂದು ಸೊನ್ನೆ, ಮೈಗೊಂದು ಗೀಟು, ಕೈಗೊಂದು ಅಡ್ಡಗೀಟು, ಕಾಲಿಗೆ ಎರಡು. ಮನುಷ್ಯ ರೆಡಿ. ಇವನ ಹೆಸರು ಆಕ್ಟರ್. ಇವನ ಪಕ್ಕ ಒಂದು ದೊಡ್ಡ ಚೌಕ, ಅದು ನಾವು ಕಟ್ಟಬೇಕಾದ ಸಾಫ್ಟ್‌ವೇರ್. ಚೌಕದೊಳಗೆ ಮೊಟ್ಟೆ ಆಕಾರದ ಸುತ್ತುಗಳು. ಒಂದೊಂದು ಮೊಟ್ಟೆಯಲ್ಲೂ ಆಕ್ಟರ್‌ಗೆ ಆಗಬೇಕಾದ ಒಂದೊಂದು ಕೆಲಸದ ಹೆಸರು. ಮನುಷ್ಯನಿಂದ ಮೊಟ್ಟೆಗೆ ಗೆರೆ ಎಳೆದರೆ ಮುಗೀತು. ಒಂದನೇ ಕ್ಲಾಸಿನ ಮಗು ಬರೆದರೆ ಸ್ಟಾರ್ ಕೊಡ್ತಾರೆ, ನಾವು ಬರೆದರೆ ಸಂಬಳ ಕೊಡ್ತಾರೆ.

ಸಂಬಳಕ್ಕೆ ಈ ಕೆಲಸವನ್ನ ನಾನು ಬೆಂಗಳೂರಿನ ಒಂದು ಆಫೀಸಿನಲ್ಲಿ ಮಾಡುತ್ತೇನೆ. ಪುಕ್ಕಟೆಯಾಗಿ ಮಾಡಿದ್ದು ಕೋಲಾರದಲ್ಲಿ, ನಮ್ಮ ಸೋದರಮಾವನ ಟೊಮೆಟೊ ಮಂಡಿಗೆ. ಕೋಲಾರದ ಎಪಿಎಂಸಿ ಯಾರ್ಡು ಗೊತ್ತಲ್ಲ, ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು ಅಂತ ಪೇಪರಿನವರು ಆಗಾಗ ಬರೀತಾರೆ. ಸೀಸನ್‌ನಲ್ಲಿ ಒಳಗೆ ಹೋದರೆ ನಡೆಯೋಕೆ ಜಾಗ ಇರೋದಿಲ್ಲ. ಎಲ್ಲಿ ನೋಡಿದರೂ ಬಾಕ್ಸು, ಬಾಕ್ಸಿನ ಮೇಲೆ ಬಾಕ್ಸು. ಹರಾಜಿನ ಕೂಗು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ.

ಮಾವನಿಗೆ ಸಾಫ್ಟ್‌ವೇರ್ ಬೇಕು ಅನ್ನಿಸಿದ್ದು 2023ರ ಜುಲೈನಲ್ಲಿ. ಆಗ 15 ಕೆಜಿ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ಟೊಮೆಟೊ ತೋಟಕ್ಕೆ ರಾತ್ರಿ ಕಾವಲು ಕೂತಿದ್ದ ಕಾಲ ಅದು. ಲೆಕ್ಕದಲ್ಲಿ ಒಂದು ಬಾಕ್ಸು ಹೆಚ್ಚುಕಮ್ಮಿ ಆದರೂ ಮಾವನ ಮನೆಯಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ‘ಕಂಪ್ಯೂಟರ್ ಓದಿರೋ ಹುಡುಗಿ ಮನೇಲೇ ಇದ್ದಾಳೆ, ಹೊರಗಿನೋರಿಗೆ ಯಾಕೆ ದುಡ್ಡು’ ಅಂತ ಅತ್ತೆ ಅಂದರು. ನಮ್ಮ ಕಡೆ ಟೆಂಡರ್ ಕರೆಯೋದು ಹೀಗೆ.

ನಾನು ಕ್ರಮವಾಗಿ ಎ3 ಹಾಳೆಯಲ್ಲಿ ಡಯಾಗ್ರಾಂ ಬರೆದು ತಗೊಂಡು ಹೋದೆ. ಮಾವ ಕನ್ನಡಕ ಏರಿಸಿದರು.

‘ಇದರಲ್ಲಿ ಮಂಡಿ ಯಾವುದಮ್ಮಾ?’

‘ಈ ಚೌಕ ಮಾವ.’

‘ನಾನೆಲ್ಲಿದ್ದೀನಿ?’

‘ಇಲ್ಲಿ, ಬಲಗಡೆ.’

‘ಹೊರಗಾ? ನನ್ನ ಮಂಡಿಗೆ ನಾನೇ ಹೊರಗಾ?’

ಆಕ್ಟರ್ ಯಾವತ್ತೂ ಚೌಕದ ಹೊರಗೇ ಇರಬೇಕು, ಯಾಕಂದ್ರೆ ಅವನು ಸಾಫ್ಟ್‌ವೇರ್ ಬಳಸೋನೇ ಹೊರತು ಸಾಫ್ಟ್‌ವೇರ್ ಅಲ್ಲ ಅಂತ ಹೇಳಿದೆ. ಮಾವ ಹಾಳೆಯನ್ನ ತಿರುಗಿಸಿ ತಿರುಗಿಸಿ ನೋಡಿದರು. ‘ಹಂಗಾದ್ರೆ ಒಳಗೆ ಯಾರೂ ಇಲ್ವಾ? ಮಂಡಿಯೊಳಗೆ ಬರೀ ಮೊಟ್ಟೆ ಇಟ್ಟು ನಮ್ಮನ್ನೆಲ್ಲ ಬೀದೀಲಿ ನಿಲ್ಲಿಸಿದ್ದೀಯಲ್ಲಮ್ಮಾ!’

ಅಷ್ಟರಲ್ಲಿ ಹಮಾಲಿಗಳು ಬಂದು ಸುತ್ತ ನಿಂತರು. ಅವರಲ್ಲಿ ಹಿರಿಯರೊಬ್ಬರು ಕಡ್ಡಿಮನುಷ್ಯರನ್ನ ಒಬ್ಬೊಬ್ಬರನ್ನೇ ಬೆರಳಿಟ್ಟು ನೋಡಿ, ‘ನಾವು ಯಾರು ಮೇಡಂ ಇದರಲ್ಲಿ?’ ಅಂದರು. ಇಲ್ಲಿ ಒಂದು ತೊಡಕಿದೆ. ಸಾಫ್ಟ್‌ವೇರನ್ನ ಮುಟ್ಟೋನು ಮಾತ್ರ ಆಕ್ಟರ್. ಹಮಾಲಿ ಮುಟ್ಟೋದು ಟೊಮೆಟೊ. ಅಂದರೆ ನಿಯಮದ ಪ್ರಕಾರ ಅವರು ಚಿತ್ರದಲ್ಲೇ ಇಲ್ಲ. ಇದನ್ನ ಬೆಳಗಿನ ಜಾವದಿಂದ ಬಾಕ್ಸು ಇಳಿಸಿ ಬೆವತು ನಿಂತಿರೋರ ಮುಂದೆ ಹೇಳಿ ನೋಡಿ. ‘ನಾವು ಲೋಡು ಇಳಿಸದೇ ಇದ್ರೆ ನಿಮ್ಮ ಮೊಟ್ಟೆಗೆ ಏನು ಬರ್ತದೆ?’ ಅಂದರು. ಅಲ್ವಾ? ಒಬ್ಬ ಕಡ್ಡಿಮನುಷ್ಯನನ್ನ ಬರೆದೆ. ‘ಕೈ ಖಾಲಿ ಇದೆ’ ಅಂದರು. ತಲೆ ಮೇಲೆ ಒಂದು ಬಾಕ್ಸು ಇಟ್ಟೆ. ಇಂಥ ಚಿತ್ರಗಳಲ್ಲಿ ಯಾವ ಗುರುತು ಹಾಕಬೇಕು ಅನ್ನೋ ನಿಯಮಾವಳಿಗೆ ಯೂಎಂಎಲ್ ಅಂತಾರೆ. ಅದರಲ್ಲಿ ಬಾಕ್ಸು ಹೊತ್ತ ಆಕ್ಟರ್ ಅಂತ ಗುರುತಿಲ್ಲ. ನಮ್ಮ ಮಂಡಿಯಲ್ಲಿ ಇದ್ದಾನೆ.

ಆಮೇಲೆ ಅತ್ತೆ ನೋಡಿದರು. ಅವರ ಕಣ್ಣಿಗೆ ಬಿದ್ದಿದ್ದು ಬಲಗಡೆ ಮೇಲಿನ ಮೂಲೆ. ‘ದುಡ್ಡು ಕೊಡೋದನ್ನ ಈಶಾನ್ಯದಲ್ಲಿ ಯಾಕೆ ಇಟ್ಟೆ? ನೈಋತ್ಯಕ್ಕೆ ಹಾಕು’ ಅಂದರು. ಯೂಸ್ ಕೇಸ್ ಡಯಾಗ್ರಾಂನಲ್ಲಿ ಮೊಟ್ಟೆ ಎಲ್ಲಿದ್ದರೂ ಅರ್ಥ ಬದಲಾಗೋದಿಲ್ಲ, ಅದಕ್ಕೇ ನಾನೂ ವಾದ ಮಾಡಲಿಲ್ಲ. ಹಾಕಿದೆ. ಗೆರೆಗಳೆಲ್ಲ ಒಂದರ ಮೇಲೊಂದು ಹಾದು ಚಿತ್ರ ಗೋಜಲಾಯಿತು. ವಾಸ್ತು ಮಾತ್ರ ಸರಿಹೋಯಿತು.

ಈ ಯೂಸ್ ಕೇಸ್ ಪದ್ಧತಿಯ ಮೂಲಪುರುಷ ಸ್ವೀಡನ್ನಿನ ಇವಾರ್ ಜೇಕಬ್ಸನ್. ಎರಿಕ್ಸನ್ ಕಂಪನಿಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜುಗಳ ಕೆಲಸದಲ್ಲಿ ಪಳಗಿದವರು. ಸಾಫ್ಟ್‌ವೇರ್ ಒಳಗೆ ಏನಿರಬೇಕು ಅನ್ನೋದು ಆಮೇಲಿನ ಮಾತು, ಹೊರಗಿರೋನಿಗೆ ಅದರಿಂದ ಏನಾಗಬೇಕು ಅಂತ ಮೊದಲು ಕೇಳಿ ಅನ್ನೋದು ಅವರ ವಾದ. 1987ರಲ್ಲಿ ಒಂದು ಸಮ್ಮೇಳನದಲ್ಲಿ ಅದನ್ನ ಮುಂದಿಟ್ಟರು. 1997ರಲ್ಲಿ ಯೂಎಂಎಲ್ ಸ್ಟ್ಯಾಂಡರ್ಡ್ ಆದಾಗ ಈ ಕಡ್ಡಿಮನುಷ್ಯನೂ ಅದರಲ್ಲಿ ಸೇರಿಕೊಂಡ. ವಾದ ಒಳ್ಳೇದೇ, ನಾನು ಇವತ್ತಿಗೂ ಒಪ್ಪುತ್ತೇನೆ. ಆದರೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಚೌಕಾಸಿ ಇಲ್ಲ ನೋಡಿ. ರಿಸೀವರ್ ಎತ್ತಿದವನು ‘ನಿನ್ನೆ ನಮ್ಮ ಬಾಮೈದ ಮಾತಾಡಿದ್ದಕ್ಕೆ ಇದನ್ನ ವಜಾ ಹಾಕ್ಕೊಳ್ಳಿ’ ಅನ್ನೋದಿಲ್ಲ.

ಚಿತ್ರ ಏನಿದ್ದರೂ ಮೇಲುಮೇಲಿಂದು. ನಿಜವಾದ ಕೆಲಸ ಸ್ಪೆಸಿಫಿಕೇಷನ್‌ನಲ್ಲಿದೆ. ಪ್ರತಿ ಮೊಟ್ಟೆಗೂ ಒಂದು ಪುಟ ಬರೀಬೇಕು. ಯಾರು ಶುರು ಮಾಡ್ತಾರೆ, ಶುರುವಾಗೋ ಮೊದಲು ಏನೇನು ಇರಬೇಕು, ಎಲ್ಲ ಸಲೀಸಾಗಿ ನಡೆದರೆ ಹೆಜ್ಜೆಗಳು ಯಾವುವು, ಯಾವ ಹೆಜ್ಜೆಯಲ್ಲಿ ಕೈಕೊಡಬಹುದು, ಕೊನೆಗೆ ಏನು ಉಳೀಬೇಕು. ಇದಕ್ಕೂ ಮಟ್ಟಗಳಿವೆ. ಯೂಸ್ ಕೇಸ್ ಬರೆಯೋದರ ಬಗ್ಗೆ ಪುಸ್ತಕ ಬರೆದ ಅಲಿಸ್ಟೇರ್ ಕೋಬರ್ನ್ ಅನ್ನೋರು ಸಮುದ್ರಮಟ್ಟ ಅಂತ ಒಂದು ಗುರುತು ಇಟ್ಟಿದ್ದಾರೆ. ಬಳಸೋನು ಒಂದು ಸಲ ಕೂತು ಮುಗಿಸೋ ಕೆಲಸ ಸಮುದ್ರಮಟ್ಟದ್ದು, ಅದಕ್ಕಿಂತ ದೊಡ್ಡದು ಗಾಳಿಪಟ, ಮೋಡ, ಚಿಕ್ಕದು ಮೀನು. ನಮ್ಮ ಟೀಮ್ ಲೀಡ್ ಯಾವಾಗಲೂ ಸಮುದ್ರಮಟ್ಟದಲ್ಲೇ ಬರೀಬೇಕು ಅಂತಾರೆ. ಕೋಲಾರ ಇರೋದು 800 ಮೀಟರ್ ಮೇಲೆ. ಸಮುದ್ರದ ಮಾತು ಬಿಡಿ, ಇಲ್ಲಿ ವರ್ಷಪೂರ್ತಿ ಹರಿಯೋ ಒಂದು ಹೊಳೆಯೂ ಇಲ್ಲ.

ಆದರೂ ಬರೆದೆ. ರೈತ ಮಾಲು ತರುತ್ತಾನೆ. ರೈಟರ್ ಬಾಕ್ಸು ಎಣಿಸಿ ಎಂಟ್ರಿ ಮಾಡುತ್ತಾರೆ. ಹರಾಜು ಆಗುತ್ತದೆ. ರೇಟು ಎಂಟ್ರಿ ಆಗುತ್ತದೆ. ಬಿಲ್ ಬರುತ್ತದೆ. ರೈತ ದುಡ್ಡು ತಗೊಂಡು ಹೋಗುತ್ತಾನೆ.

ಮಂಡಿಯ ರೈಟರಣ್ಣ ನಾನು ಫ್ರಾಕ್ ಹಾಕ್ಕೊಂಡು ಓಡಾಡ್ತಿದ್ದ ಕಾಲದಿಂದ ಅದೇ ಮೇಜಿನ ಹಿಂದೆ ಇದ್ದಾರೆ. ಪುಟವನ್ನ ಪೂರ್ತಿ ಓದಿ, ‘ಚೆನ್ನಾಗಿ ಬರೆದಿದ್ದೀಯಮ್ಮಾ. ಇಂಥ ದಿನ ಮಾತ್ರ ನಾನು ಒಂದೂ ನೋಡಿಲ್ಲ’ ಅಂದರು.

ಆಮೇಲೆ ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಎರಡನೇ ಹೆಜ್ಜೆ ಕೆಟ್ಟರೆ ಅದಕ್ಕೆ 2ಎ ಅಂತ ನಂಬರ್ ಕೊಡಬೇಕು, ಇನ್ನೊಂದು ಥರ ಕೆಟ್ಟರೆ 2ಬಿ. 2ಎ: ಬಾಕ್ಸು ನಮ್ಮದಲ್ಲ, ಪಕ್ಕದ ಮಂಡಿಯದು, ಮಾಲು ಮಾತ್ರ ನಮಗೆ ಬಂದಿದೆ. 2ಬಿ: ಒಂದೇ ಟೆಂಪೊದಲ್ಲಿ ಅಣ್ಣತಮ್ಮಂದಿರ ಮಾಲು ಬಂದಿದೆ, ಅವರಿಬ್ಬರಿಗೂ ಮಾತಿಲ್ಲ. 3ಎ: ರೇಟು ಸಾಲದು ಅಂತ ರೈತ ಮಾಲನ್ನ ವಾಪಸ್ ಹೊರಡಿಸಿದ್ದಾನೆ. 3ಬಿ: ಕೂಗಿ ತಗೊಂಡ ವ್ಯಾಪಾರಿ ಒಂದು ಬಾಕ್ಸು ಸುರಿದು ನೋಡಿ, ಮೇಲೆ ದಪ್ಪ, ಕೆಳಗೆಲ್ಲಾ ಗೋಲಿ ಅಂತ ಕೂತಿದ್ದಾನೆ. 4ಎ: ಕೂಗಿದ್ದು 410, ಗಲಾಟೆಯಲ್ಲಿ ಬರೆದಿದ್ದು 400. 6ಎ: ದುಡ್ಡು ಕೇಳಿಕೊಂಡು ಅಪ್ಪ ಬಂದಿದ್ದಾರೆ, ನಿನ್ನೇನೇ ಮಗ ಬಂದು ಇಸ್ಕೊಂಡು ಹೋಗಿದ್ದಾನೆ. 6ಬಿ: ಅದೇ, ಆದರೆ ಅಪ್ಪನಿಗೆ ಹೇಳಬೇಡಿ ಅಂತ ಮಗ ಕೈ ಮುಗಿದಿದ್ದಾನೆ.

ಸಲೀಸಿನ ದಾರಿ ಆರು ಸಾಲು. ಮಿಕ್ಕಿದ್ದು ಪುಟಗಟ್ಟಲೆ. ಮಂಡಿ ಅನ್ನೋದು ಇರೋದೇ ಆ ಪುಟಗಳಲ್ಲಿ ಅಂತ ನನಗೆ ಅನ್ನಿಸೋದು. ಆರು ಸಾಲಿಗೆ ಮಾವನೂ ಬೇಕಾಗಿಲ್ಲ, ರೈಟರಣ್ಣನೂ ಬೇಕಾಗಿಲ್ಲ.

ಮಾವನ ಬಗ್ಗೆ ಒಂದು ಮಾತು ಹೇಳಲೇಬೇಕು. ಇನ್‌ಕ್ಲೂಡ್, ಎಕ್ಸ್‌ಟೆಂಡ್ ಅಂತ ಎರಡು ಚುಕ್ಕೆಗೆರೆ ಬಾಣಗಳಿವೆ. ಇವುಗಳ ವ್ಯತ್ಯಾಸಕ್ಕೆ ನಮ್ಮ ಆಫೀಸಿನಲ್ಲಿ ಮೀಟಿಂಗುಗಳೇ ಹಾಳಾಗಿ ಹೋಗಿವೆ. ಮಾವ ಒಂದು ಟೀ ಮುಗಿಸೋದರಲ್ಲಿ ಹಿಡಿದುಬಿಟ್ಟರು. ‘ಹಮಾಲಿ ಕೂಲಿ ಲೆಕ್ಕ ಪ್ರತಿ ಬಿಲ್‌ನಲ್ಲೂ ಇದ್ದೇ ಇರ್ತದೆ, ಅದು ಇನ್‌ಕ್ಲೂಡ್. ಮುಂಗಡ ತಗೊಂಡಿದ್ರೆ ಮಾತ್ರ ಹಿಡ್ಕೊಳ್ತೀವಿ, ಅದು ಎಕ್ಸ್‌ಟೆಂಡ್. ಮುಂಗಡ ಇಲ್ಲ ಅಂದ್ರೂ ಬಿಲ್ ಆಗ್ತದೆ, ಅದಕ್ಕೆ ಬಾಣ ಮುಂಗಡದ ಕಡೆಯಿಂದ ಬಿಲ್ ಕಡೆಗೆ. ಸಾಲ ಇಸ್ಕೊಂಡೋನೇ ತಾನೇ ನಮ್ಮ ಹತ್ರ ಬರಬೇಕು?’ ಆ ಬಾಣವನ್ನ ನಮ್ಮ ಟೀಮ್ ಲೀಡ್ ಇವತ್ತಿಗೂ ಉಲ್ಟಾ ಹಾಕ್ತಾರೆ.

ಎಡವಟ್ಟು ಆಗಿದ್ದು ಯಾರೂ ತಲೆ ಕೆಡಿಸಿಕೊಳ್ಳದ ಒಂದು ಸಣ್ಣ ಮೊಟ್ಟೆಯಿಂದ. ‘ರೇಟು ತಿಳಿಸು’ ಅಂತ ಅದರ ಹೆಸರು. ಹರಾಜು ಮುಗಿದ ಕೂಡಲೇ ರೈತನ ನಂಬರಿಗೆ ಎಸ್‌ಎಂಎಸ್: ಎಷ್ಟು ಬಾಕ್ಸು, ಏನು ರೇಟು, ಒಟ್ಟು ಎಷ್ಟು. ನಂಬರುಗಳನ್ನ ರೈಟರಣ್ಣ ಮುಂಗಡದ ಹಳೇ ಪುಸ್ತಕದಿಂದ ತೆಗೆದುಕೊಟ್ಟರು. ಜಾಸ್ತಿ ಎಲ್ಲ ಮನೆಯ ನಂಬರು. ಮೊದಲನೇ ದಿನ ಒಂದು ಮೆಸೇಜೂ ತಪ್ಪದೆ ಹೋಯಿತು.

ಮಾರನೇ ಬೆಳಿಗ್ಗೆ ಶ್ರೀನಿವಾಸಪುರದ ಕಡೆಯ ರೈತರೊಬ್ಬರು ಮಾಲಿಲ್ಲದೆ ಬಂದರು. ನೇರ ಮಾವನ ಮುಂದೆ ನಿಂತು, ‘ಅಣ್ಣಾ, ಏನಿದು ಅನ್ಯಾಯ? ಬಾಕ್ಸು 640ಕ್ಕೆ ಹೋಯ್ತು, ಸರಿ. ನಾನು ಮನೇಲಿ 550 ಅಂದೆ. ಅವಳು ಏನೂ ಮಾತಾಡಲಿಲ್ಲ. ಒಳಗಿಂದ ಫೋನ್ ತಂದು ತಟ್ಟೆ ಪಕ್ಕ ಇಟ್ಟಳು. ತಟ್ಟೆಯಲ್ಲಿ ಬರೀ ಮುದ್ದೆ, ಸಾರಿಲ್ಲ’ ಅಂದರು. ಅವರ ಹಿಂದೆ ಇನ್ನಿಬ್ಬರು ನಿಂತಿದ್ದರು. ಅವರು ಬಾಯಿ ಬಿಡಲಿಲ್ಲ, ಬರೀ ತಲೆ ಆಡಿಸಿದರು.

ರಿಕ್ವೈರ್‌ಮೆಂಟ್ ಕೇಳೋವಾಗ ಇವರೆಲ್ಲರ ಹತ್ತಿರವೂ ಕೂತು ಮಾತಾಡಿದ್ದೆ. ಬೀಜ, ಗೊಬ್ಬರ, ಮಳೆ, ಲಾರಿ ಬಾಡಿಗೆ, ಎಲ್ಲ ಹೇಳಿದ್ದರು. ‘ಮನೆಗೆ ಹೇಳೋ ರೇಟು’ ಅಂತ ಒಂದು ಬೇರೆ ಇದೆ ಅಂತ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಯಾರು ಬಿಡ್ತಾರೆ?

ರೈತರ ಕೋರಿಕೆ ಸರಳವಾಗಿತ್ತು. ಮೆಸೇಜಿನಲ್ಲಿ ರೇಟು ಬೇಡ, ‘ನಿಮ್ಮ ಮಾಲು ಮಾರಾಟವಾಗಿದೆ, ವಂದನೆಗಳು’ ಅಂತ ಇದ್ದರೆ ಸಾಕು. ಬದಲಾಯಿಸೋಕೆ ಲ್ಯಾಪ್‌ಟಾಪ್ ತೆರೆದಿದ್ದೆ, ಅಷ್ಟರಲ್ಲಿ ಮಂಡಿಯ ಫೋನ್ ಹೊಡೆದುಕೊಂಡಿತು. ರೈಟರಣ್ಣ ಎತ್ತಿ, ‘ಹ್ಞೂಂ ತಾಯಿ, ಹ್ಞೂಂ ತಾಯಿ’ ಅಂತ ಕೇಳಿ ನನ್ನ ಕೈಗೆ ಕೊಟ್ಟರು. ಆ ಕಡೆ ಒಬ್ಬ ಹೆಂಗಸಿನ ದನಿ. ‘ನೀನೇನಮ್ಮಾ ಮೆಸೇಜ್ ಬಿಡೋಳು? ಬಲೇ ಒಳ್ಳೇ ಕೆಲಸ ಮಾಡಿದೆ. ಹೋದ ವರ್ಷದ್ದೂ ಇದ್ರೆ ಕಳಿಸು.’

ಇಬ್ಬರು ಆಕ್ಟರ್‌ಗಳು, ಒಂದೇ ಮೊಟ್ಟೆ, ಒಬ್ಬರಿಗೆ ಬೇಕು, ಇನ್ನೊಬ್ಬರಿಗೆ ಬೇಡ. ಇಂಥದ್ದಕ್ಕೆ ಬಾಣ ಇಲ್ಲ. ಯಜಮಾನರೇ ತೀರ್ಮಾನ ಮಾಡಲಿ ಅಂತ ಮಾವನ ಮುಖ ನೋಡಿದೆ. ಮಾವ ಮೊದಲು ರೈತರು ಹೊರಗೆ ಹೋದರಾ ಅಂತ ಬಗ್ಗಿ ನೋಡಿದರು. ಆಮೇಲೆ ಸಣ್ಣಗೆ ಅಂದರು:

‘ಇಬ್ಬರಿಗೂ ಅವರವರು ಕೇಳಿದ್ದು ಕಳಿಸಮ್ಮಾ. ಹೆಂಗಸರಿಗೆ ಹೋಗೋದರಲ್ಲಿ ನಮ್ಮ ಮಂಡಿ ಹೆಸರು ಮಾತ್ರ ಹಾಕಬೇಡ.’