ದೊರೆಗಳು ಕ್ಯೂನಲ್ಲಿದ್ದಾರೆ, ಸ್ವಲ್ಪ ಜಾಗ ಬಿಡಿ

ಸ್ಪೇನಿನ ಕಡಲ ದಂಡೆಯಲ್ಲಿ ಸ್ವಂತ ಮನೆ. ಸಾಲ ತೀರಿದೆ, ಕಂದಾಯ ಕಟ್ಟಿದ್ದಾಗಿದೆ. ಬಾಲ್ಕನಿಯಲ್ಲಿ ಎರಡು ಕುರ್ಚಿ, ಫ್ರಿಜ್ಜಿನಲ್ಲಿ ಬಿಯರ್. ಯಜಮಾನರು ರಿಟೈರ್ ಆದ ಬ್ರಿಟಿಷ್ ಪ್ರಜೆ. ವೀಸಾ ಇಲ್ಲದಿದ್ದರೆ ಆ ಮನೆಯಲ್ಲಿ ಅವರು ಒಂದೇ ಸಮನೆ 90 ದಿನ ಇರಬಹುದು. 91ನೇ ದಿನವೂ ಉಳಿದರೆ ಅವರು ಅಕ್ರಮ ವಾಸಿ. ಅದೇ ರಾತ್ರಿ ಕಿಟಕಿ ಮುರಿದು ಒಬ್ಬ ಕಳ್ಳ ನುಗ್ಗಿದ ಅನ್ನಿ. ಅವನ ಜೇಬಿನಲ್ಲಿ ಯುರೋಪಿಯನ್ ಒಕ್ಕೂಟದ ಪಾಸ್‌ಪೋರ್ಟ್ ಇದ್ದರೆ, ವಾಸದ ವಿಷಯದಲ್ಲಿ ಯಜಮಾನರಿಗಿಂತ ಕಳ್ಳನ ಕಾಗದವೇ ಗಟ್ಟಿ.

ನಿಯಮ ಹೇಳಲಿಕ್ಕೆ ಸುಲಭ. ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಷೆಂಗೆನ್ ದೇಶಗಳಲ್ಲಿ, ಅಂದರೆ ತಮ್ಮ ನಡುವಿನ ಗಡಿ ತಪಾಸಣೆ ತೆಗೆದುಹಾಕಿದ ಯುರೋಪಿನ ದೇಶಗಳಲ್ಲಿ, ಇರಬಹುದು. ಆದರೆ ಆ 180 ದಿನ ಜನವರಿಯಲ್ಲಿ ಶುರುವಾಗಿ ಜೂನ್‌ನಲ್ಲಿ ಮುಗಿಯುವಂಥದ್ದಲ್ಲ. ದಿನಾ ಬೆಳಗ್ಗೆ ಎದ್ದು ಇವತ್ತಿನಿಂದ ಹಿಂದಕ್ಕೆ ಎಣಿಸಬೇಕು. ಫ್ರಾನ್ಸಿನಲ್ಲಿ ಒಂದು ವಾರ ಇದ್ದು ಬಂದರೆ ಸ್ಪೇನಿನ ಲೆಕ್ಕದಿಂದ ಒಂದು ವಾರ ಹೋಯಿತು. ಬಂದ ದಿನವೂ ಲೆಕ್ಕಕ್ಕೆ, ಹೊರಟ ದಿನವೂ ಲೆಕ್ಕಕ್ಕೆ. ಇದಕ್ಕೆಂದೇ ಮೊಬೈಲ್ ಆ್ಯಪ್‌ಗಳು ಬಂದಿವೆ. ಮೊದಲೆಲ್ಲ ಪಾಸ್‌ಪೋರ್ಟಿನ ಮೇಲೆ ಮಾಸಿದ ಸೀಲು ನೋಡಿ ಅಧಿಕಾರಿ ಕೂಡಿ ಕಳೆಯಬೇಕಿತ್ತು. ಅವರ ಗಣಿತ ವೀಕ್ ಇದ್ದರೆ ಇವರು ಪಾರು. 2025ರ ಅಕ್ಟೋಬರ್ 12ರಿಂದ ಬೆರಳಚ್ಚು ಮತ್ತು ಫೋಟೊ ತೆಗೆದುಕೊಳ್ಳುವ ಯಂತ್ರಗಳು ಶುರುವಾಗಿವೆ. ಯಂತ್ರಕ್ಕೆ ದಾಕ್ಷಿಣ್ಯ ಇಲ್ಲ.

ಇಷ್ಟಕ್ಕೂ ಈ ನಿಯಮ ಹೊಸದೇನಲ್ಲ. ಬ್ರಿಟನ್ ಯುರೋಪಿಯನ್ ಒಕ್ಕೂಟದ ಒಳಗಿದ್ದಾಗಲೂ ಹೊರಗಿನವರಿಗೆ ಇದು ಇತ್ತು. ನಮ್ಮಂಥವರಿಗೆ ಅಂತೂ 90 ದಿನದ ಮಾತಿಗೆ ಮೊದಲು ವೀಸಾ ಸಿಗಬೇಕಿತ್ತು. ಒಕ್ಕೂಟದಲ್ಲಿ ಇರಬೇಕೋ ಬೇಡವೋ ಎಂದು 2016ರ ಜೂನ್ 23ರಂದು ಬ್ರಿಟನ್ನಿನಲ್ಲಿ ಮತ ಹಾಕಿದವರಲ್ಲಿ ಶೇಕಡಾ 51.9ರಷ್ಟು ಜನ, ನಾವೂ ಹೊರಗಿನವರಾಗುತ್ತೇವೆ ಅಂದರು. ಯುರೋಪಿನವರು ಸುಮ್ನೆ ಬಂದು ಇಲ್ಲಿ ನೆಲೆಸುವುದು ನಿಲ್ಲಲಿ ಎನ್ನುವುದು ಅವರಲ್ಲಿ ಅನೇಕರ ಆಸೆ. ಬರುವವರನ್ನು ತಡೆಯುವ ಭರದಲ್ಲಿ, ಬಿಸಿಲು ಹುಡುಕಿಕೊಂಡು ಹೋಗುವವರು ತಾವೇ ಎನ್ನುವುದು ಮರೆತೇ ಹೋಯಿತು.

ಇದರಲ್ಲಿ ಇನ್ನೂ ಒಂದು ತಮಾಷೆ ಇದೆ. ಆ ಮತದಾನದ ಬಿಸಿ ನೇರವಾಗಿ ತಟ್ಟುವಂತಿದ್ದವರಲ್ಲಿ ಸ್ಪೇನ್, ಫ್ರಾನ್ಸ್‌ನಲ್ಲಿ ಆಗಲೇ ಬೀಡುಬಿಟ್ಟಿದ್ದ ಬ್ರಿಟಿಷರೂ ಇದ್ದರು. ಅವರಲ್ಲಿ 15 ವರ್ಷಕ್ಕಿಂತ ಹೆಚ್ಚು ಕಾಲ ಹೊರದೇಶದಲ್ಲಿದ್ದವರಿಗೆ ಮತ ಹಾಕುವ ಹಕ್ಕೇ ಇರಲಿಲ್ಲ. ಆ 15 ವರ್ಷದ ಮಿತಿಯನ್ನು ಆಮೇಲೆ ತೆಗೆದುಹಾಕಿದರು. ಯಾವಾಗ? 2024ರ ಜನವರಿಯಲ್ಲಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಪಾಸ್‌ಪೋರ್ಟಿನ ಕತೆ ಕೇಳಿ. ಒಕ್ಕೂಟದ ಕಡುಗೆಂಪು ಬಣ್ಣ ಬೇಡ, ನಮ್ಮ ಹಳೇ ನೀಲಿಯೇ ಬೇಕು ಎಂದು ಹಟ ಹಿಡಿದರು. 2020ರ ಮಾರ್ಚ್‌ನಿಂದ ನೀಲಿ ಬಂತು. ಟೆಂಡರ್ ಹೋಗಿದ್ದು ಫ್ರೆಂಚ್-ಡಚ್ ಕಂಪನಿಗೆ. ಪುಸ್ತಕ ತಯಾರಾಗಿದ್ದು ಪೋಲೆಂಡಿನಲ್ಲಿ. ಪೋಲೆಂಡಿನ ಕೆಲಸಗಾರರು ಬರುವುದು ಬೇಡ ಅಂದಿದ್ದರಲ್ಲ, ಅವರು ಬರಲಿಲ್ಲ. ಅವರು ಮಾಡಿದ ಪಾಸ್‌ಪೋರ್ಟ್ ಬಂತು.

ಹಳೇ ಪಾಸ್‌ಪೋರ್ಟ್ ಇಟ್ಟುಕೊಂಡವರ ಪಾಡು ಬೇರೆ. ಮೊದಲು ಬ್ರಿಟನ್ ಸರ್ಕಾರ ಒಂದು ಉದಾರತೆ ತೋರಿಸುತ್ತಿತ್ತು. ಅವಧಿ ಮುಗಿಯುವ ಮೊದಲೇ ರಿನ್ಯೂ ಮಾಡಿಸಿದರೆ, ಉಳಿದ ತಿಂಗಳುಗಳನ್ನು ಹೊಸದಕ್ಕೆ ಸೇರಿಸಿ ಕೊಡುತ್ತಿತ್ತು. ಒಂಬತ್ತು ತಿಂಗಳವರೆಗೆ ಬೋನಸ್. ಈಗ ಯುರೋಪ್ ಹೇಳುತ್ತದೆ, ಒಳಗೆ ಬರುವ ದಿನಕ್ಕೆ ಪಾಸ್‌ಪೋರ್ಟ್ ಕೊಟ್ಟು 10 ವರ್ಷ ಮೀರಿರಬಾರದು. ಪುಸ್ತಕದ ಮೇಲೆ ಅವಧಿ ಇನ್ನೂ ಇದೆ, ಆದರೂ ವಿಮಾನ ಹತ್ತಿಸುವುದಿಲ್ಲ. ಸೂಟ್‌ಕೇಸ್ ಎಳೆದುಕೊಂಡು ವಾಪಸ್ ಮನೆಗೆ. ಸರ್ಕಾರ ಕೊಟ್ಟ ಉಡುಗೊರೆಯೇ ಕಾಲಿಗೆ ತೊಡಕಾಯಿತು.

ಸರಿ, 90 ದಿನ ಸಾಲದು, ಪೂರ್ತಿ ಹೋಗಿ ನೆಲೆಸೋಣ ಅಂದರೆ ದಾರಿ ಇದೆ. ಸ್ಪೇನಿನಲ್ಲಿ ದುಡಿಯದವರಿಗೆ ಅಂತಲೇ ಒಂದು ವೀಸಾ ಇದೆ. ಅದರ ಮುಖ್ಯ ಅರ್ಹತೆ, ಏನೂ ಕೆಲಸ ಮಾಡುವುದಿಲ್ಲ ಎನ್ನುವುದು. ನಮ್ಮಲ್ಲಿ ಆ ಅರ್ಹತೆ ಇರುವವರು ಕಟ್ಟೆ ಕಟ್ಟೆಗೂ ಸಿಗುತ್ತಾರೆ. ಆದರೆ ಏನೂ ಮಾಡದೆ ತಿಂಗಳಿಗೆ 2,400 ಯುರೋ ಬರುತ್ತದೆ ಎಂದು ತೋರಿಸಬೇಕು. ಹೆಂಡತಿಯೂ ಜೊತೆಗೆ ಬರುವುದಾದರೆ ಇನ್ನೊಂದು 600. ಬ್ರಿಟನ್ನಿನ ಪೂರ್ತಿ ಸರ್ಕಾರಿ ಪಿಂಚಣಿ 2025-26ರ ಲೆಕ್ಕದಲ್ಲಿ ವಾರಕ್ಕೆ 230.25 ಪೌಂಡ್. ಅದು ಈ ಮೊತ್ತದ ಅರ್ಧಕ್ಕೂ ಮುಟ್ಟುವುದಿಲ್ಲ. ಅಂದರೆ ಜೀವಮಾನವಿಡೀ ದುಡಿದವನು, ದುಡಿಯದವರ ವೀಸಾಕ್ಕೆ ನಾಲಾಯಕ್.

ಆಮೇಲೆ ಕಾಗದಪತ್ರ. ಪೊಲೀಸರಿಂದ ಸರ್ಟಿಫಿಕೇಟ್. ಅದು ಅಸಲಿ ಎಂದು ವಿದೇಶಾಂಗ ಕಚೇರಿಯ ಮುದ್ರೆ. ಡಾಕ್ಟರ ಸರ್ಟಿಫಿಕೇಟ್. ಇದೆಲ್ಲ ಇಂಗ್ಲಿಷಿನಲ್ಲಿದ್ದರೆ ಆಗುವುದಿಲ್ಲ, ಸರ್ಕಾರ ಒಪ್ಪಿದ ಅನುವಾದಕರಿಂದ ಸ್ಪ್ಯಾನಿಷ್‌ಗೆ ಮಾಡಿಸಿ ತನ್ನಿ. ಈ ಸಾಲು ಓದುವಾಗ ನನಗೆ ಸಂತೋಷ ಆಗಲಿಲ್ಲ ಅಂದರೆ ಸುಳ್ಳು ಹೇಳಿದಂತಾಗುತ್ತದೆ. ಮಗನನ್ನು ಓದಲು ಲಂಡನ್ನಿಗೆ ಕಳಿಸಲು ಕನ್ನಡದ ಪಹಣಿಯನ್ನು ಇಂಗ್ಲಿಷಿಗೆ ಮಾಡಿಸಿ, ನೋಟರಿ ಸೀಲು ಹಾಕಿಸಿ, ಜೆರಾಕ್ಸ್ ಮೇಲೆ ಜೆರಾಕ್ಸ್ ತೆಗೆಸಿದ ಅಪ್ಪಂದಿರು ನಮ್ಮಲ್ಲಿ ಎಷ್ಟಿಲ್ಲ! ಇಂಗ್ಲಿಷೂ ಒಂದು ಕಚೇರಿಗೆ ಅರ್ಥವಾಗದ ಭಾಷೆಯಾಗಬಹುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ದುಡ್ಡಿದ್ದವರಿಗೆ ಅಡ್ಡದಾರಿ ಇತ್ತು. ಐದು ಲಕ್ಷ ಯುರೋ ಕೊಟ್ಟು ಮನೆ ಕೊಂಡರೆ ಗೋಲ್ಡನ್ ವೀಸಾ. ಸ್ಪೇನ್ ಅದನ್ನು 2025ರ ಏಪ್ರಿಲ್ 3ಕ್ಕೆ ಮುಚ್ಚಿತು. ಪೋರ್ಚುಗಲ್ ಮನೆ ಕೊಳ್ಳುವ ದಾರಿಯನ್ನು 2023ರಲ್ಲೇ ಮುಚ್ಚಿತ್ತು.

ಈಗ ಸ್ಪೇನಿನ ಪೌರತ್ವದ ವಿಷಯ. ಬ್ರಿಟಿಷರು ಅಲ್ಲಿ 10 ವರ್ಷ ಕಾನೂನುಬದ್ಧವಾಗಿ ಇರಬೇಕು, ಭಾಷೆಯ ಪರೀಕ್ಷೆ ಪಾಸಾಗಬೇಕು. ಆದರೆ ಮೆಕ್ಸಿಕೊ, ಪೆರು, ಫಿಲಿಪೀನ್ಸ್‌ನವರಿಗೆ ಎರಡೇ ವರ್ಷ ಸಾಕು. ಯಾಕಂದರೆ ಅವು ಸ್ಪೇನ್ ಆಳಿದ ದೇಶಗಳು. 1588ರಲ್ಲಿ ಸ್ಪೇನಿನ ನೌಕಾಪಡೆ ಇಂಗ್ಲೆಂಡನ್ನು ಗೆಲ್ಲಲು ಹೊರಟಿತ್ತು. ಇಂಗ್ಲಿಷರು ಅದನ್ನು ಓಡಿಸಿ ನಾಲ್ಕು ಶತಮಾನದಿಂದ ಬೀಗುತ್ತಿದ್ದಾರೆ. ಇವತ್ತಿನ ಲೆಕ್ಕದಲ್ಲಿ ನೋಡಿದರೆ ಅದು ಸ್ವಲ್ಪ ದುಡುಕಿನ ಕೆಲಸ. ಅವತ್ತು ಸುಮ್ನೆ ಸೋತಿದ್ದರೆ ಇವತ್ತು ಎರಡು ವರ್ಷಕ್ಕೆ ಕೆಲಸ ಮುಗಿಯುತ್ತಿತ್ತು, ಅಲ್ವಾ?

ಸ್ಪ್ಯಾನಿಷ್ ಕಲಿಯುವ ರಗಳೆಯೇ ಬೇಡ, ಇಂಗ್ಲಿಷ್ ಆಡುವ ದೇಶಕ್ಕೇ ಹೋಗೋಣ ಎನ್ನುವವರು ಕೆನಡಾ ಕಡೆ ನೋಡುತ್ತಾರೆ. ಅಲ್ಲೂ ಒಬ್ಬರು ಕಾದಿದ್ದಾರೆ. ಯಾರು? ನಮ್ಮ ಹಳೇ ಗೆಳೆಯ, ಐಇಎಲ್‌ಟಿಎಸ್ ಎನ್ನುವ ಇಂಗ್ಲಿಷ್ ಪರೀಕ್ಷೆ. ನುರಿತ ಕೆಲಸಗಾರರಿಗೆ ಕಾಯಂ ವಾಸ ಕೊಡುವ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಗೆ ಅರ್ಜಿ ಹಾಕುವವರು ಯಾವ ದೇಶದವರೇ ಆಗಲಿ, ಭಾಷೆಯ ಪರೀಕ್ಷೆ ಬರೆಯಲೇಬೇಕು. ಲಂಡನ್ನಿನಲ್ಲಿ ಹುಟ್ಟಿ, ಆಕ್ಸ್‌ಫರ್ಡ್‌ನಲ್ಲಿ ಓದಿ, ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಸೀನಲೂ ಬಾರದವರಿಗೂ ವಿನಾಯಿತಿ ಇಲ್ಲ. ಬಾಡಿಗೆ ಮನೆಯ ನಲ್ಲಿ ಸೋರುತ್ತಿದೆ ಎಂದು ಓನರ್‌ಗೆ 150 ಪದಗಳ ಪತ್ರ ಬರೆದು ತೋರಿಸಬೇಕು. ಈ ಪರೀಕ್ಷೆಯ ಒಡೆಯರಲ್ಲಿ ಬ್ರಿಟಿಷ್ ಕೌನ್ಸಿಲ್ ಇದೆ, ಕೇಂಬ್ರಿಡ್ಜ್ ಇದೆ. ಅಂದರೆ ಬ್ರಿಟಿಷ್ ಪ್ರಜೆ ಬ್ರಿಟಿಷ್ ಸಂಸ್ಥೆಗೆ ಫೀಸು ಕಟ್ಟಿ, ತನಗೆ ಇಂಗ್ಲಿಷ್ ಬರುತ್ತದೆ ಎನ್ನುವುದಕ್ಕೆ ಕಾಗದ ತೆಗೆದುಕೊಳ್ಳುತ್ತಾನೆ. ಆ ಕಾಗದಕ್ಕೆ ಎರಡೇ ವರ್ಷ ಆಯಸ್ಸು. ಆಮೇಲೆ ಅವನ ಇಂಗ್ಲಿಷ್ ಎಕ್ಸ್‌ಪೈರಿ.

ಆಸ್ಟ್ರೇಲಿಯಾ ಇದಕ್ಕಿಂತ ಜಾಣ. ಬ್ರಿಟಿಷ್ ಪಾಸ್‌ಪೋರ್ಟ್ ತೋರಿಸಿದರೆ ಇಂಗ್ಲಿಷ್ ಬರುತ್ತದೆ ಎಂದು ನಂಬುತ್ತದೆ. ನಂಬಿ, ಅಂಕಗಳ ಮೇಲೆ ಕೊಡುವ ಸ್ಕಿಲ್ಡ್ ವೀಸಾಕ್ಕೆ ಸೊನ್ನೆ ಅಂಕ ಕೊಡುತ್ತದೆ. ಚೆನ್ನಾಗಿ ಬರುತ್ತದೆ ಎನ್ನುವ 10 ಅಂಕ, ತುಂಬಾ ಚೆನ್ನಾಗಿ ಬರುತ್ತದೆ ಎನ್ನುವ 20 ಅಂಕ ಬೇಕಿದ್ದರೆ ಪರೀಕ್ಷೆಗೆ ಕೂರಬೇಕು. ಅಂಕ ಇಲ್ಲದೆ ಸೀಟಿಲ್ಲ. ಹಾಗೆಂದು ಪಾಸಾಗುವುದು ಗ್ಯಾರಂಟಿಯೂ ಅಲ್ಲ. 2017ರಲ್ಲಿ ಐರ್ಲೆಂಡಿನ ಒಬ್ಬ ಪಶುವೈದ್ಯೆ ಅಲ್ಲಿನ ಪರ್ಮನೆಂಟ್ ರೆಸಿಡೆನ್ಸಿಗಾಗಿ ಕಂಪ್ಯೂಟರ್ ಮುಂದೆ ಇಂಗ್ಲಿಷ್ ಮಾತಾಡಿದರು. ಎರಡು ಡಿಗ್ರಿ ಇದ್ದವರು, ಹುಟ್ಟಿದಾಗಿನಿಂದ ಇಂಗ್ಲಿಷ್ ಆಡುವವರು. ಬೇಕಾದಷ್ಟು ಅಂಕ ಬರಲಿಲ್ಲ. ಕಂಪ್ಯೂಟರ್‌ಗೆ ಅವರ ಮಾತಿನ ಓಘ ಹಿಡಿಸಲಿಲ್ಲ.

ನಾನಿಲ್ಲಿ ಒಂದು ವ್ಯಾಪಾರ ನೋಡುತ್ತಿದ್ದೇನೆ. ಬೆಂಗಳೂರಿನ ವಿಜಯನಗರದಲ್ಲೋ ರಾಜಾಜಿನಗರದಲ್ಲೋ ಬೇಕರಿಯ ಮೇಲಿನ ಮಹಡಿಯಲ್ಲಿ ನಡೆಯುವ ಯಾವುದಾದರೂ ಕೋಚಿಂಗ್ ಸೆಂಟರಿಗೆ ಮ್ಯಾಂಚೆಸ್ಟರ್ ಹುಡುಗರನ್ನು ಕರೆತರಬೇಕು. ಹಾಸನದ ಹುಡುಗಿ ಅವರಿಗೆ ಇಂಗ್ಲಿಷ್ ಕಲಿಸಬೇಕು. ನಿಧಾನವಾಗಿ ಮಾತಾಡಿ, ಮನೆಯಲ್ಲಿ ಆಡಿದ ಹಾಗೆ ಆಡಬೇಡಿ, ಮಾರ್ಕ್ಸ್ ಹೋಗುತ್ತದೆ ಎಂದು ಗದರಿಸಬೇಕು.

ಆಸ್ಟ್ರೇಲಿಯಾದ ಭಾಷಾ ಪರೀಕ್ಷೆಗೆ ಹಳೇ ಇತಿಹಾಸವೂ ಉಂಟು. 1901ರಲ್ಲಿ ಬಿಳಿಯರಲ್ಲದವರನ್ನು ಹೊರಗಿಡಲು ಒಂದು ಉಕ್ತಲೇಖನ ಪರೀಕ್ಷೆ ತಂದರು. 50 ಪದ ಹೇಳುತ್ತಾರೆ, ಬರೆಯಬೇಕು. ಅಧಿಕಾರಿ ಯಾವ ಯುರೋಪಿಯನ್ ಭಾಷೆಯಲ್ಲಿ ಬೇಕಾದರೂ ಹೇಳಬಹುದು. 1934ರಲ್ಲಿ ಎಗಾನ್ ಕಿಶ್ ಎನ್ನುವ ಎಡಪಂಥೀಯ ಪತ್ರಕರ್ತ ಬಂದಿಳಿದ. ಅವನಿಗೆ ಹಲವು ಭಾಷೆ ಬರುತ್ತಿತ್ತು. ಹೇಗಾದರೂ ಫೇಲ್ ಮಾಡಲೇಬೇಕು ಎಂದು ಸ್ಕಾಟಿಷ್ ಗೇಲಿಕ್‌ನಲ್ಲಿ ಹೇಳಿಸಿದರು. ಕೇಸು ಹೈಕೋರ್ಟಿಗೆ ಹೋಯಿತು. ಈ ಕಾನೂನಿನ ಪ್ರಕಾರ ಗೇಲಿಕ್ ಯುರೋಪಿಯನ್ ಭಾಷೆಯೇ ಅಲ್ಲ ಎಂದು ನ್ಯಾಯಾಲಯ ಹೇಳಿಬಿಟ್ಟಿತು. ಸ್ಕಾಟ್ಲೆಂಡಿನವರಿಗೆ ಹೇಗಾಗಿರಬೇಡ!

ಅದೇ ಆಸ್ಟ್ರೇಲಿಯಾ ಎರಡನೇ ಮಹಾಯುದ್ಧದ ನಂತರ ಬ್ರಿಟಿಷರನ್ನು 10 ಪೌಂಡಿಗೆ ಹಡಗು ಹತ್ತಿಸಿ ಕರೆಸಿಕೊಂಡಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಜನ ಹೋದರು. ಇವತ್ತು ಸ್ಕಿಲ್ಡ್ ವೀಸಾಕ್ಕೆ 45 ದಾಟಿದವರು ಬೇಡ. ಮಕ್ಕಳು ಅಲ್ಲಿದ್ದಾರೆ, ಅಪ್ಪ ಅಮ್ಮ ಹೋಗಬೇಕು ಅಂದರೆ ಕಡಿಮೆ ಖರ್ಚಿನ ಪೇರೆಂಟ್ ವೀಸಾಕ್ಕೆ 30 ವರ್ಷಕ್ಕಿಂತ ಜಾಸ್ತಿ ಕಾಯಬೇಕು. 65ಕ್ಕೆ ಅರ್ಜಿ ಹಾಕಿದರೆ 95ಕ್ಕೆ ವಿಚಾರಣೆ. ಆಗ ಮೆಡಿಕಲ್ ಟೆಸ್ಟ್ ಬೇರೆ ಇರುತ್ತದೆ.

ಹೋದರೂ ನೆಮ್ಮದಿ ಇಲ್ಲ. ಆಸ್ಟ್ರೇಲಿಯಾ, ಕೆನಡಾ, ಭಾರತಕ್ಕೆಲ್ಲ ಹೋಗಿ ನೆಲೆಸಿದವರ ಬ್ರಿಟಿಷ್ ಪಿಂಚಣಿ ಮುಂದೆ ಏರುವುದಿಲ್ಲ. ಅಮೆರಿಕದಲ್ಲಿದ್ದರೆ ಏರುತ್ತದೆ. ನಯಾಗರ ಜಲಪಾತದ ಅಮೆರಿಕದ ದಡದಲ್ಲಿ ಮನೆ ಮಾಡಿದರೆ ವರ್ಷವರ್ಷ ಹೆಚ್ಚಳ, ಕೆನಡಾದ ದಡದಲ್ಲಿ ಮಾಡಿದರೆ ಜೀವನಪೂರ್ತಿ ಅಷ್ಟೇ. ಬೇಸತ್ತು ವಾಪಸ್ ಹೋಗೋಣ ಅಂದುಕೊಂಡರೆ, ಮಧ್ಯೆ ಅಲ್ಲಿನವರನ್ನು ಮದುವೆಯಾಗಿದ್ದರೆ ಮತ್ತೆ ತಲೆನೋವು. ವಿದೇಶಿ ಹೆಂಡತಿಯನ್ನೋ ಗಂಡನನ್ನೋ ಕರೆತರಲು 2024ರ ಏಪ್ರಿಲ್‌ನಿಂದ ವರ್ಷಕ್ಕೆ 29,000 ಪೌಂಡ್ ಆದಾಯ ತೋರಿಸಬೇಕು. ಈ ನಿಯಮ ಮಾತ್ರ ಸ್ಪೇನ್ ಮಾಡಿದ್ದಲ್ಲ, ಸ್ವಂತ ಊರಿನ ತಯಾರಿಕೆ.

ಒಂದೇ ಒಂದು ದೇಶ ಬ್ರಿಟಿಷರಿಗೆ ಇವತ್ತಿಗೂ ಏನೂ ಕೇಳುವುದಿಲ್ಲ. ವೀಸಾ ಬೇಡ, ಅನುಮತಿ ಬೇಡ, ಹೋಗಿ ಮನೆ ಮಾಡಿ ಕೆಲಸ ಹಿಡಿಯಬಹುದು. ಅದು ಐರ್ಲೆಂಡ್. ಇಂಗ್ಲೆಂಡಿನ ಮಳೆ, ಚಳಿ ತಪ್ಪಿಸಿಕೊಳ್ಳಲು ಹೊರಟವರಿಗೆ ಉಳಿದಿರುವ ಏಕೈಕ ಮುಕ್ತ ದ್ವಾರದ ಆಚೆಗೂ ಮಳೆ, ಚಳಿ. ಆದರೂ ಐರಿಷ್ ಅಜ್ಜಿಯರಿಗೆ ಒಳ್ಳೆ ಬೆಲೆ ಬಂದಿದೆ. ಅಜ್ಜ ಅಜ್ಜಿಯಲ್ಲಿ ಒಬ್ಬರು ಐರ್ಲೆಂಡಿನಲ್ಲಿ ಹುಟ್ಟಿದ್ದರೆ ಮೊಮ್ಮಕ್ಕಳಿಗೆ ಅಲ್ಲಿನ ಪೌರತ್ವ, ಆ ಮೂಲಕ ಇಡೀ ಯುರೋಪ್. ಬದುಕಿದ್ದಾಗ ಕ್ರಿಸ್‌ಮಸ್‌ಗೂ ಫೋನ್ ಮಾಡದ ಮೊಮ್ಮಕ್ಕಳು ಅಜ್ಜಿಯ ಜನನ ಪ್ರಮಾಣಪತ್ರಕ್ಕೆ ಅಲೆಯುತ್ತಿದ್ದಾರೆ.

ಅಜ್ಜಿಯೂ ಇಲ್ಲ, ಯುರೋವೂ ಇಲ್ಲ ಎನ್ನುವವರಿಗೆ ನಮ್ಮ ಕಡೆಯದೊಂದು ಉಪಾಯ ಇದೆ. ಹೈದರಾಬಾದ್ ಹತ್ತಿರ ಚಿಲ್ಕೂರು ಬಾಲಾಜಿ. ಜನ ಪ್ರೀತಿಯಿಂದ ವೀಸಾ ಬಾಲಾಜಿ ಅನ್ನುತ್ತಾರೆ. ಬೇಡಿಕೊಳ್ಳುವಾಗ 11 ಪ್ರದಕ್ಷಿಣೆ, ವೀಸಾ ಬಂದ ಮೇಲೆ 108. ಅಲ್ಲಿ ಹುಂಡಿ ಇಲ್ಲ. ಫೀಸಿಲ್ಲದೆ ಅರ್ಜಿ ತೆಗೆದುಕೊಳ್ಳುವ ಜಾಗ ನನಗೆ ಗೊತ್ತಿರುವ ಮಟ್ಟಿಗೆ ಅದೊಂದೇ.

ಆದರೆ ಅಲ್ಲಿಗೆ ಹೋಗಲು ಬ್ರಿಟಿಷರಿಗೆ ಭಾರತದ ವೀಸಾ ಬೇಕು. 2022ರಲ್ಲಿ ಅದೂ ಕಷ್ಟವಾಗಿತ್ತು. ಇ-ವೀಸಾ ನಿಂತಿತ್ತು. ಏಜೆಂಟರ ಕೈಲಿ ಕಳಿಸುವಂತಿಲ್ಲ, ಖುದ್ದಾಗಿ ಬನ್ನಿ ಎಂದರು. ಅಪಾಯಿಂಟ್‌ಮೆಂಟ್ ಸಿಗದೆ ಎಷ್ಟೋ ಜನರ ಗೋವಾ, ಕೇರಳ ಪ್ರವಾಸ ರದ್ದಾಯಿತು. ಡಿಸೆಂಬರ್‌ನಲ್ಲಿ ಇ-ವೀಸಾ ಮತ್ತೆ ಬಂತು.

ಇಲ್ಲೇ ನೆಲೆಸುತ್ತೇವೆ ಎನ್ನುವ ದೊರೆಗಳಿಗೂ 2016ರಿಂದ ಒಂದು ಯೋಜನೆ ಇದೆ. 18 ತಿಂಗಳಲ್ಲಿ 10 ಕೋಟಿ ರೂಪಾಯಿ ಹೂಡಬೇಕು, ಕನಿಷ್ಠ 20 ಭಾರತೀಯರಿಗೆ ಕೆಲಸ ಕೊಡಬೇಕು, ಆಗ 10 ವರ್ಷದ ವಾಸದ ಹಕ್ಕು. ಬೆಂಗಳೂರಿಗೇ ಬರುವುದಾದರೆ ನನ್ನದೊಂದು ತಿದ್ದುಪಡಿ. ಇಲ್ಲಿನ ಬೆಂಗಳೂರು ಕ್ಲಬ್ಬಿನ 1899ರ ಲೆಕ್ಕದ ಪುಸ್ತಕದಲ್ಲಿ ವಸೂಲಾಗದ ಬಾಕಿಯ ಪಟ್ಟಿ ಇದೆ. ಅದರಲ್ಲಿ ಲೆಫ್ಟಿನೆಂಟ್ ವಿನ್‌ಸ್ಟನ್ ಚರ್ಚಿಲ್ ಹೆಸರಿನ ಮುಂದೆ 13 ರೂಪಾಯಿ ಎಂದಿದೆ. ಅರ್ಜಿಯ ಜೊತೆ ಫೋಟೊ ಎರಡು, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಮತ್ತು ಕ್ಲಬ್ಬಿನಿಂದ ಒಂದು ನೋ ಡ್ಯೂಸ್ ಸರ್ಟಿಫಿಕೇಟ್. ಕನ್ನಡದಲ್ಲಿ, ನೋಟರಿ ಸೀಲಿನ ಸಮೇತ.