ಯಾರ ಗ್ಯಾಲನ್ ಅಪ್ಪಾ ಇದು?

ಮನೆಯಲ್ಲೇ ಜಿಂಜರ್ ಬಿಯರ್ ಮಾಡೋಣ ಅಂತ ಕೂತೆ. ಹೆಸರಷ್ಟೇ ಬಿಯರ್, ನನಗೆ ಬೇಕಾಗಿದ್ದು ಬುಸ್ ಅನ್ನೋ ಶುಂಠಿ ಸೋಡಾ. ರೆಸಿಪಿಯ ಮೊದಲ ಸಾಲಿಗೇ ತಲೆ ಗಿರ್ ಅಂತು. ‘ಒಂದು ಗ್ಯಾಲನ್ ನೀರು.’ ಯಾರ ಗ್ಯಾಲನ್? ಅಮೆರಿಕದ್ದು 3.785 ಲೀಟರ್, ಬ್ರಿಟನ್ನಿನದು 4.546. ಮುಕ್ಕಾಲು ಲೀಟರ್ ಫರಕು! ಅದನ್ನು ಹೇಳೋಕೆ ಬರೆದವನಿಗೆ ಪುರುಸೊತ್ತಿಲ್ಲ.

ಆಮೇಲೆ ‘ಯೀಸ್ಟ್ ಪಿಚ್ ಮಾಡಿ’. ನನಗೆ ಗೊತ್ತಿರೋದು ಕ್ರಿಕೆಟ್ ಪಿಚ್. ಅರ್ಧ ಗಂಟೆ ಹುಡುಕಿದ ಮೇಲೆ ತಿಳಿಯಿತು, ಸುಮ್ನೆ ‘ಹಾಕಿ’ ಅಂತ ಅರ್ಥ. ಹಾಗೇ ಬರೆದಿದ್ದರೆ ಇವನ ಗಂಟೇನು ಹೋಗುತ್ತಿತ್ತು?

‘ರೂಮ್ ಟೆಂಪರೇಚರಿನಲ್ಲಿ ಎರಡು ದಿನ ಇಡಿ.’ ಅವರ ರೂಮು 68 ಫ್ಯಾರನ್‌ಹೀಟ್, ಅಂದ್ರೆ 20 ಡಿಗ್ರಿ. ನಮ್ಮದು ಹುಬ್ಬಳ್ಳಿ, ಅದೂ ಏಪ್ರಿಲ್, ಅದೂ ತಗಡಿನ ಕೆಳಗಿನ ಅಡುಗೆಮನೆ. ಸೆಕೆ ಜಾಸ್ತಿಯಾದರೆ ಯೀಸ್ಟ್ ಗಬಗಬ ಸಕ್ಕರೆ ತಿಂದು ಗ್ಯಾಸ್ ಬಿಡುತ್ತೆ. ಮರುದಿನ ಬೆಳಿಗ್ಗೆಗೇ ಪ್ಲಾಸ್ಟಿಕ್ ಬಾಟಲಿ ಕಲ್ಲಿನಂತೆ ಗಟ್ಟಿಯಾಗಿ, ತಳ ಉಬ್ಬಿ, ನಿಲ್ಲಿಸಿದರೆ ವಾಲುತ್ತಿತ್ತು. ಗಾಜಿನದಾಗಿದ್ದರೆ ಒಡೆದೇ ಹೋಗುತ್ತಿತ್ತೇನೋ. ಮುಚ್ಚಳ ಒಂಚೂರು ತಿರುಗಿಸಿದೆ, ಅಷ್ಟೇ. ನೊರೆ ತಗಡಿಗೆ ಬಡಿದು ನನ್ನ ತಲೆ ಮೇಲೇ ಸುರಿಯಿತು.

ಅವ್ವ ಒರೆಸೋ ಅರಿವೆ ಕೈಗಿಟ್ಟು, “ಓಣಿ ತುದಿಗೇ ಗೋಲಿ ಸೋಡಾ ಸಿಗತೈತಲ್ಲೋ” ಅಂದಳು.